ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಕ್ರೈಸ್ತ ಬದುಕು

ಕರ್ನಾಟಕದ ಕೋಲಾರ ಜಿಲ್ಲೆಯ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿಯೂ (ಕೆ.ಜಿ.ಎಫ್.) ಅದರ ರೈಲು ಜಂಕ್ಷನ್ ಆಗಿರುವ ಬಂಗಾರಪೇಟೆಯಲ್ಲಿಯೂ ಕ್ರೈಸ್ತ ಸಭೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಬೆಳೆದುಬಂದಿವೆ. ರೋಮನ್ ಕ್ಯಾಥೊಲಿಕ್, ಆಂಗ್ಲಿಕನ್, ವೆಸ್ಲಿಯನ್, ಅಮೆರಿಕನ್ ಮೆಥಡಿಸ್ಟ್, ಲುಥೆರನ್ ಮುಂತಾದ ಹಲವು ಪರಂಪರೆಗಳು ಕೆಲವೇ ಮೈಲಿಗಳ ಅಂತರದಲ್ಲಿ ಇಲ್ಲಿ ನೆಲೆಗೊಂಡವು. ಇಲ್ಲಿಯ ಕ್ರೈಸ್ತರು ಪ್ರತ್ಯೇಕ ಊರು ಕಟ್ಟಿಕೊಂಡು ಬದುಕಿದ್ದು ಕಡಿಮೆ. ಗಣಿ ಕಂಪೆನಿಗಳು ಕಟ್ಟಿಸಿದ ಕಾರ್ಮಿಕರ ಲೈನುಗಳಲ್ಲಿ ಹಿಂದೂ, ಮುಸ್ಲಿಂ, ಬೌದ್ಧ ಮತ್ತು ಕ್ರೈಸ್ತ ಕುಟುಂಬಗಳು ಒಂದೇ ಗೋಡೆಯ ಆಚೆಈಚೆ ಇದ್ದವು. ನೆಲದಡಿಯ ಕೆಲಸದಲ್ಲಿಯೂ ಅವರು ಒಟ್ಟಿಗಿದ್ದರು. ಆದ್ದರಿಂದ ಚರ್ಚುಗಳು ಸ್ಥಾಪನೆಯಾದ ಇಸವಿಗಳಷ್ಟರಿಂದಲೇ ಈ ಸಮುದಾಯದ ಇತಿಹಾಸ ತಿಳಿಯುವುದಿಲ್ಲ. ನೆರೆಯವರನ್ನು ತನ್ನಂತೆಯೇ ಕಾಣಬೇಕೆಂಬ ಬೈಬಲಿನ ಆಜ್ಞೆಯನ್ನು ಅದು ಎಲ್ಲಿ ನಡೆಸಿತು, ಎಲ್ಲಿ ನಡೆಸಲಾರದೆ ಹೋಯಿತು ಎಂಬುದನ್ನೂ ನೋಡಬೇಕಾಗುತ್ತದೆ.

ಸ್ಥಳ ಮತ್ತು ಹಿನ್ನೆಲೆ

ಕೋಲಾರ ಸೀಮೆಯಲ್ಲಿ ಚಿನ್ನ ತೆಗೆಯುವ ಕೆಲಸ ಬಹಳ ಪ್ರಾಚೀನವಾದುದು. ಆಧುನಿಕ ಗಣಿಗಾರಿಕೆಗೆ ದಾರಿ ಮಾಡಿದವನು ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಮಾಜಿ ಸೈನಿಕ ಮೈಕೆಲ್ ಲ್ಯಾವೆಲ್. ೧೮೭೦ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ ಆತ ಬಂಡವಾಳದ ಕೊರತೆಯಿಂದ ಹಕ್ಕುಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟನು. ೧೮೮೦ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಸಂಸ್ಥೆಯ ಆಡಳಿತದಲ್ಲಿ ಮೈಸೂರು, ಚಾಂಪಿಯನ್ ರೀಫ್ಸ್, ಊರಿಗಾಂ, ನಂದಿದುರ್ಗ ಮುಂತಾದ ಗಣಿಗಳು ಬೆಳೆದವು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಇಲ್ಲಿಗೆ ಬಂದಿತು. ಕಾಲಾನಂತರದಲ್ಲಿ ಚಾಂಪಿಯನ್ ರೀಫ್ಸ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು.

ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ಹೆಸರಿನಿಂದ ಬಂದದ್ದು. ಬೆಂಗಳೂರು–ಮದರಾಸು ರೈಲುದಾರಿಯಿಂದ ಗಣಿಗಳ ಕಡೆಗೆ ಕವಲೊಡೆಯುವ ದಾರಿ ಇಲ್ಲಿಂದಲೇ ಹೊರಟು ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂನಲ್ಲಿ ಕೊನೆಯಾಗುತ್ತದೆ. ಗಣಿ ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು, ಸೇಲಂ ಕಡೆಯ ತಮಿಳು ಮಾತನಾಡುವ ದಲಿತರು. ಚಿತ್ತೂರಿನ ಕಡೆಯಿಂದ ತೆಲುಗರೂ ಬಂದರು. ಮೇಲ್ವಿಚಾರಣೆಯ ಕೆಲಸಗಳಲ್ಲಿ ಬ್ರಿಟಿಷರು, ಇಟಾಲಿಯನ್ನರು ಮತ್ತು ಆಂಗ್ಲೋ–ಇಂಡಿಯನ್ನರಿದ್ದರು. ಗಣಿಯ ಸುತ್ತಲಿನ ಹಳ್ಳಿಗಳ ಜನ ಕನ್ನಡ ಮತ್ತು ತೆಲುಗು ಆಡುವವರು. ಹೀಗೆ ಗಣಿ ಊರು ತಮಿಳಿನದು, ಜಂಕ್ಷನ್ ಊರು ಮಿಶ್ರಭಾಷೆಯದು ಎಂಬ ಭೇದ ಆರಂಭದಿಂದಲೇ ಉಂಟಾಯಿತು. ಸಭೆಗಳ ಬೆಳವಣಿಗೆಯ ಮೇಲೆ ಇದರ ಗುರುತು ಸ್ಪಷ್ಟವಾಗಿದೆ.

ಬರದಿಂದ ಬಂದ ಸಭೆ, ಗಣಿಯಿಂದ ಬಂದ ಸಭೆ

ಕೋಲಾರ–ಬಂಗಾರಪೇಟೆ ಭಾಗದ ಪ್ರೊಟೆಸ್ಟಂಟ್ ಸಭೆಗಳ ಮೂಲ ಗಣಿಗಿಂತ ಸ್ವಲ್ಪ ಹಿಂದಿನದು. ೧೮೭೬–೭೮ರ ಭೀಕರ ಬರವನ್ನು ಮೈಸೂರು ಸೀಮೆಯ ಹಿರಿಯರು ಆ ಎರಡು ಸಂವತ್ಸರಗಳ ಹೆಸರಿನಲ್ಲಿ ‘ಧಾತು ಈಶ್ವರ ಬರ’ ಎಂದು ನೆನೆಯುತ್ತಿದ್ದರು. ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಭಾಗ ಅದರಲ್ಲಿ ಅಳಿಯಿತೆಂದು ಅಂದಾಜಿದೆ. ಆ ಸಮಯದಲ್ಲಿ ಲೂಯಿಸಾ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ಅನಾಥಾಲಯ ನಡೆಸಿ ಬರಪೀಡಿತ ಮಕ್ಕಳನ್ನು ಸಾಕಿದಳು. ಮೊದಲು ಲಂಡನ್ ಮಿಷನ್ನಿನವಳಾಗಿದ್ದ ಆಕೆ ಆಮೇಲೆ ಸ್ವತಂತ್ರವಾಗಿ ಕೆಲಸ ಮಾಡಿದವಳು. ೧೮೯೦ರಲ್ಲಿ ಈ ಕೆಲಸ ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ಹಸ್ತಾಂತರವಾಯಿತು. ಶಾಲೆಗಳು, ಕೈಗಾರಿಕಾ ತರಬೇತಿ, ೧೯೧೦ರಲ್ಲಿ ಆರಂಭವಾದ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ (ಜನರ ಬಾಯಲ್ಲಿ ಇ.ಟಿ.ಸಿ.ಎಂ. ಆಸ್ಪತ್ರೆ) ಇವೆಲ್ಲ ಇದೇ ಬೇರಿನಿಂದ ಬೆಳೆದವು.

ಬರಗಾಲದಲ್ಲಿ ಸಾಕಿದ ಮಕ್ಕಳನ್ನು ಕ್ರೈಸ್ತರನ್ನಾಗಿ ಬೆಳೆಸಿದ್ದು ಸರಿಯೇ ಎಂಬ ಪ್ರಶ್ನೆ ಎದ್ದಿದೆ. ಸಾಯುತ್ತಿದ್ದ ಮಗುವನ್ನು ಎತ್ತಿಕೊಂಡವರು ಯಾರು ಎಂಬುದು ಒಂದು ಕಡೆಯ ಮಾತು. ಆ ಮಗುವಿಗೆ ಆಯ್ಕೆಯಿತ್ತೆ ಎಂಬುದು ಇನ್ನೊಂದು ಕಡೆಯದು. ಎರಡೂ ನ್ಯಾಯವಾದ ಮಾತುಗಳೇ. ಮುಂದೆ ಈ ಭಾಗದಲ್ಲಿ ಮತಾಂತರದ ಕುರಿತು ನಡೆದ ಚರ್ಚೆಗಳಲ್ಲಿ ಇವೇ ಎರಡು ಮಾತುಗಳು ಬೇರೆ ಬೇರೆ ರೂಪದಲ್ಲಿ ಮರಳಿ ಮರಳಿ ಬರುತ್ತವೆ.

ಗಣಿ ಊರಿನ ಸಭೆಗಳ ಕಥೆ ಬೇರೆ. ಅಲ್ಲಿ ಬಹಳಷ್ಟು ಮಂದಿ ಬರುವಾಗಲೇ ತಮ್ಮ ಧರ್ಮವನ್ನು ತಂದರು. ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದ ತವರ ಮತ್ತು ತಾಮ್ರದ ಗಣಿಗಳ ಕೆಲಸಗಾರರು ಜಾನ್ ವೆಸ್ಲಿಯ ಬೋಧನೆಯ ಮೆಥಡಿಸ್ಟರಾಗಿದ್ದರು. ಗಣಿಯೊಡನೆಯೇ ಪ್ರಾರ್ಥನಾ ಮಂದಿರವನ್ನೂ ಕಟ್ಟಿಕೊಳ್ಳುವುದು ಅವರ ಪದ್ಧತಿ. ಅಧಿಕಾರಿ ವರ್ಗದ ಆಂಗ್ಲಿಕನ್ನರಿಗಾಗಿ ಊರಿಗಾಂನಲ್ಲಿ ಸಂತ ಮೈಕೆಲ್ ಮತ್ತು ಸಕಲ ದೇವದೂತರ ಚರ್ಚ್ ನಿರ್ಮಾಣವಾಯಿತು. ಕ್ಯಾಥೊಲಿಕರ ಜವಾಬ್ದಾರಿ ಆಗ ಮೈಸೂರು ಧರ್ಮಪ್ರಾಂತ್ಯದ ಪ್ಯಾರಿಸ್ ಮಿಷನ್ ಗುರುಗಳದಾಗಿತ್ತು. ಚಾಂಪಿಯನ್ ರೀಫ್ಸ್‌ನ ಜಯಮಾತೆಯ ಚರ್ಚ್ ಈ ಪರಂಪರೆಯ ಪ್ರಮುಖ ಕೇಂದ್ರ. ತಮಿಳು ಕಾರ್ಮಿಕರಲ್ಲಿ ಕೆಲವರಿಗೆ ಉತ್ತರ ಆರ್ಕಾಟಿನಲ್ಲಿ ೧೮೫೩ರಿಂದ ಕೆಲಸ ಮಾಡುತ್ತಿದ್ದ ಆರ್ಕಾಟ್ ಮಿಷನ್ನಿನ ನಂಟಿತ್ತು. ಕೃಷ್ಣಗಿರಿ, ಆಂಬೂರು ಕಡೆಯಲ್ಲಿ ೧೮೯೦ರ ದಶಕದಿಂದ ನೆಲೆನಿಂತ ಮಿಸ್ಸೌರಿ ಲುಥೆರನ್ ಮಿಷನ್ ಕೂಡ ಗಣಿಯ ಜನರನ್ನು ತಲುಪಿತು. ಉಳಿದವರಲ್ಲಿ ಅನೇಕರು ಲೈನುಗಳಿಗೆ ಬಂದ ಮೇಲೆ ಕ್ರೈಸ್ತರಾದರು.

೧೯೪೭ರ ಸೆಪ್ಟೆಂಬರ್ ೨೭ರಂದು ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಸ್ಥಾಪನೆಯಾದಾಗ ಆಂಗ್ಲಿಕನ್ನರೂ ವೆಸ್ಲಿಯನ್ನರೂ ಅದರಲ್ಲಿ ಒಂದಾದರು. ಅಮೆರಿಕನ್ ಮೂಲದ ಮೆಥಡಿಸ್ಟರು ಸೇರಲಿಲ್ಲ. ಅವರ ಸಭೆ ೧೯೮೧ರಲ್ಲಿ ‘ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ’ ಎಂಬ ಸ್ವಾಯತ್ತ ಸಂಸ್ಥೆಯಾಯಿತು. ಹೀಗಾಗಿ ವೆಸ್ಲಿಯನ್ನೇ ಮೂಲಗುರುವೆನ್ನುವ ಎರಡು ಸಭೆಗಳು ಈ ಸಣ್ಣ ಪ್ರದೇಶದಲ್ಲಿಯೇ ಎರಡು ಆಡಳಿತಗಳ ಕೆಳಗೆ ಇವೆ. ಹೊರಗಿನವರಿಗೆ ಇದು ಗೊಂದಲವೆನಿಸಿದರೆ ಆಶ್ಚರ್ಯವಿಲ್ಲ. ಕ್ಯಾಥೊಲಿಕ್ ಸಭೆಯ ಮಟ್ಟಿಗೆ ಕೋಲಾರ ಜಿಲ್ಲೆಯು ೧೯೪೦ರಲ್ಲಿ ರಚನೆಯಾದ ಬೆಂಗಳೂರು ಧರ್ಮಪ್ರಾಂತ್ಯಕ್ಕೆ (೧೯೫೩ರಿಂದ ಮಹಾಧರ್ಮಪ್ರಾಂತ್ಯ) ಸೇರಿದೆ.

ಒಂದೇ ನಂಬಿಕೆ, ಬೇರೆ ಬೇರೆ ಬದುಕು

ಗಣಿ ಊರನ್ನು ‘ಪುಟ್ಟ ಇಂಗ್ಲೆಂಡ್’ ಎಂದು ಕರೆಯುವ ವಾಡಿಕೆಯಿದೆ. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನಗಳನ್ನು ಕಂಡವರಿಗೆ ಆ ಹೆಸರು ಒಪ್ಪುತ್ತದೆ. ಆದರೆ ಅದು ಊರಿನ ಒಂದು ಸಣ್ಣ ಭಾಗದ ವರ್ಣನೆ ಮಾತ್ರ. ಕಾರ್ಮಿಕರು ವಾಸವಿದ್ದದ್ದು ಬಿದಿರ ತಟ್ಟಿಯ ಗುಡಿಸಲುಗಳಲ್ಲಿ, ಅನಂತರ ಸಾಲುಮನೆಗಳ ಲೈನುಗಳಲ್ಲಿ. ಬಿಳಿಯ ಅಧಿಕಾರಿ ಮತ್ತು ತಮಿಳು ಕಾರ್ಮಿಕ ಇಬ್ಬರೂ ಕ್ರೈಸ್ತರಾಗಿದ್ದರೂ ಅವರ ಆರಾಧನೆಯ ಭಾಷೆ ಬೇರೆ, ಸಭೆ ಬೇರೆ, ಸಾಮಾಜಿಕ ಜೀವನವಂತೂ ಸಂಪೂರ್ಣ ಬೇರೆ. ಇವರಿಬ್ಬರ ನಡುವೆ ಆಂಗ್ಲೋ–ಇಂಡಿಯನ್ ಸಮುದಾಯವಿತ್ತು. ಅದರ ಮನೆವಾರ್ತೆ, ಅಡಿಗೆ, ಹಬ್ಬಗಳ ನೆನಪುಗಳನ್ನು ಕೆ.ಜಿ.ಎಫ್.ನಲ್ಲಿ ಹುಟ್ಟಿ ಬೆಳೆದ ಲೇಖಕಿ ಬ್ರಿಜೆಟ್ ವೈಟ್–ಕುಮಾರ್ ಇಂಗ್ಲಿಷಿನಲ್ಲಿ ಬರೆದಿದ್ದಾರೆ.

ಜಾತಿಯ ವಿಷಯ ಇನ್ನೂ ಸೂಕ್ಷ್ಮವಾದುದು. ದಲಿತರು ಕ್ರೈಸ್ತಧರ್ಮದತ್ತ ತಿರುಗಲು ಸಮಾನತೆಯ ಆಸೆ ಒಂದು ದೊಡ್ಡ ಕಾರಣವಾಗಿತ್ತು. ತಮಿಳು ಸೀಮೆಯ ಅನೇಕ ಸಭೆಗಳಲ್ಲಿ ಪ್ರತ್ಯೇಕ ಆಸನ, ಪ್ರತ್ಯೇಕ ಸ್ಮಶಾನಗಳ ರೂಪದಲ್ಲಿ ಜಾತಿ ಉಳಿದುಕೊಂಡಿತೆಂಬುದು ದಾಖಲಾದ ವಿಷಯ. ಗಣಿ ಊರಿನಲ್ಲಿ ಕಾರ್ಮಿಕರ ಬಹುಸಂಖ್ಯೆ ದಲಿತರದೇ ಆಗಿದ್ದುದರಿಂದ ಹಳ್ಳಿಯಲ್ಲಿದ್ದಷ್ಟು ಬಿಗಿ ಇಲ್ಲಿರಲಿಲ್ಲ. ಕೂಲಿ ನಗದಾಗಿ ಸಿಗುತ್ತಿತ್ತು. ಊರಗೌಡನ ಹಂಗು ತಪ್ಪಿತ್ತು. ಆದರೆ ಮದುವೆಯ ಸಂಬಂಧ ಹುಡುಕಲು ಅವರು ಹಿಂತಿರುಗುತ್ತಿದ್ದುದು ಅದೇ ಹಳ್ಳಿಗಳಿಗೆ. ಭಾರತದ ಕ್ಯಾಥೊಲಿಕ್ ಬಿಷಪರ ಮಂಡಳಿಯು ಸಭೆಯೊಳಗಿನ ಜಾತಿ ತಾರತಮ್ಯವನ್ನು ಬಹಿರಂಗವಾಗಿ ಒಪ್ಪಿಕೊಂಡು ದಲಿತ ಸಬಲೀಕರಣದ ನೀತಿಯನ್ನು ಪ್ರಕಟಿಸಿದ್ದು ೨೦೧೬ರ ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ಕೋಲಾರದ ಗಣಿ ಮುಚ್ಚಿ ಹದಿನೈದು ವರ್ಷ ಕಳೆದಿತ್ತು.

ಪಕ್ಕದ ಮನೆಯ ಬೌದ್ಧರು

ಕೆ.ಜಿ.ಎಫ್.ನ ಕ್ರೈಸ್ತರಿಗೆ ಎದುರಾದ ಅತ್ಯಂತ ಗಂಭೀರವಾದ ವೈಚಾರಿಕ ಸವಾಲು ತಮ್ಮದೇ ಜಾತಿಯ, ತಮ್ಮದೇ ಭಾಷೆಯ ನೆರೆಯವರಿಂದ ಬಂದಿತು. ಮದರಾಸಿನ ಪಂಡಿತ ಅಯೋತಿದಾಸರು (೧೮೪೫–೧೯೧೪) ೧೮೯೮ರಲ್ಲಿ ಸಿಂಹಳಕ್ಕೆ ಹೋಗಿ ಬೌದ್ಧಧರ್ಮವನ್ನು ಸ್ವೀಕರಿಸಿ, ಅಸ್ಪೃಶ್ಯರೆನಿಸಿಕೊಂಡವರು ಮೂಲತಃ ಬೌದ್ಧರೆಂದು ವಾದಿಸಿದರು. ಅವರ ಚಳವಳಿಗೆ ಮದರಾಸಿನಷ್ಟೇ ಗಟ್ಟಿಯಾದ ನೆಲೆ ದೊರೆತದ್ದು ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್ಸ್‌ನ ಕಾರ್ಮಿಕರಲ್ಲಿ. ೧೯೦೭ರಲ್ಲಿ ಅಯೋತಿದಾಸರು ಆರಂಭಿಸಿದ ‘ತಮಿಳನ್’ ವಾರಪತ್ರಿಕೆಯನ್ನು ಅವರ ಕಾಲಾನಂತರ ಜಿ. ಅಪ್ಪಾದುರೈ ಅವರು ೧೯೨೦ರ ದಶಕದಲ್ಲಿ ಕೆ.ಜಿ.ಎಫ್.ನಿಂದಲೇ ಹೊರಡಿಸಿದರು. ಗಣಿ ಊರಿನ ಸಿದ್ಧಾರ್ಥ ಮುದ್ರಣಾಲಯದಿಂದ ಪುಸ್ತಕಗಳು ಪ್ರಕಟವಾದವು. ದಿನವಿಡೀ ಬಂಡೆ ಕೊರೆದು ಬಂದವರ ನಡುವೆ ಇಂಥ ಓದು–ಬರಹ ನಡೆದದ್ದು ದಕ್ಷಿಣ ಭಾರತದ ಕಾರ್ಮಿಕ ಇತಿಹಾಸದಲ್ಲಿಯೇ ಅಪರೂಪ.

ಬೌದ್ಧರು ಕೇಳಿದ ಪ್ರಶ್ನೆ ನೇರವಾದದ್ದು: ಜಾತಿಯಿಂದ ಬಿಡುಗಡೆ ಬೇಕೆಂದು ಧರ್ಮ ಬದಲಿಸಿದವರಿಗೆ ಚರ್ಚಿನೊಳಗೆ ಆ ಬಿಡುಗಡೆ ಸಿಕ್ಕಿದೆಯೇ? ವಿದೇಶೀ ಮಿಷನರಿಗಳು ಕೇಳಿಸಿಕೊಳ್ಳುತ್ತಿದ್ದ ಮೇಲ್ಜಾತಿಯವರ ಆಕ್ಷೇಪಣೆಗಿಂತ ಈ ಪ್ರಶ್ನೆ ಹೆಚ್ಚು ತೀಕ್ಷ್ಣವಾಗಿತ್ತು. ಕೇಳಿದವನು ಬೆಳಿಗ್ಗೆ ಅದೇ ನಲ್ಲಿಯ ಮುಂದೆ ಕೊಡ ಹಿಡಿದು ನಿಲ್ಲುವವನು. ಒಂದೇ ಲೈನಿನಲ್ಲಿ ಕ್ರಿಸ್ತ, ಬುದ್ಧ, ಮಾರಿಯಮ್ಮರ ಭಕ್ತರು ಇದ್ದಾಗ ಧರ್ಮದ ಚರ್ಚೆ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ನಂತರದ ದಶಕಗಳಲ್ಲಿ ಪೆರಿಯಾರರ ಸ್ವಾಭಿಮಾನ ಚಳವಳಿ, ಅಂಬೇಡ್ಕರರ ವಿಚಾರಗಳು, ಕಮ್ಯುನಿಸಂ ಇವೆಲ್ಲವೂ ಗಣಿ ಊರಿನಲ್ಲಿ ನೆಲೆ ಕಂಡುಕೊಂಡವು. ಕೆ.ಜಿ.ಎಫ್. ವಿಧಾನಸಭಾ ಕ್ಷೇತ್ರದಿಂದ ರಿಪಬ್ಲಿಕನ್ ಪಕ್ಷದವರೂ ಕಮ್ಯುನಿಸ್ಟರೂ ಆಯ್ಕೆಯಾಗಿದ್ದಾರೆ.

ಮುಷ್ಕರಗಳಲ್ಲಿ ಈ ಸಮುದಾಯಗಳ ನಡುವಿನ ಗೆರೆಗಳು ಮಸುಕಾದವು. ೧೯೩೦ರ ಏಪ್ರಿಲಿನಲ್ಲಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ನಿಯಮವನ್ನು ಕಂಪೆನಿಗಳು ತಂದಾಗ, ತಮ್ಮನ್ನು ಅಪರಾಧಿಗಳಂತೆ ಕಾಣಲಾಗುತ್ತಿದೆ ಎಂದು ಕೆರಳಿದ ಕಾರ್ಮಿಕರು ೨೧ ದಿನ ಕೆಲಸ ನಿಲ್ಲಿಸಿದರು. ನಿಯಮ ಹಿಂದೆ ಸರಿಯಿತು. ೧೯೪೬ರ ನವೆಂಬರ್ ೪ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಈ ಹೋರಾಟಗಳನ್ನು ಇತಿಹಾಸಕಾರರಾದ ಜಾನಕಿ ನಾಯರ್ ಸಂಸ್ಥಾನ ಮೈಸೂರಿನ ಕಾರ್ಮಿಕರ ಕುರಿತ ತಮ್ಮ ಗ್ರಂಥದಲ್ಲಿ ವಿವರವಾಗಿ ಅಧ್ಯಯನ ಮಾಡಿದ್ದಾರೆ. ಕಾರ್ಮಿಕರ ಹಕ್ಕುಗಳ ಬಗ್ಗೆ ಪೋಪ್ ಹದಿಮೂರನೆಯ ಲಿಯೋ ೧೮೯೧ರಲ್ಲಿಯೇ ಪತ್ರ ಹೊರಡಿಸಿದ್ದರೂ ವಸಾಹತುಕಾಲದ ಗಣಿ ಊರಿನಲ್ಲಿ ಚರ್ಚಿಗೆ ಭೂಮಿಯಿಂದ ಹಿಡಿದು ಅನೇಕ ಸೌಕರ್ಯಗಳಿಗೆ ಕಂಪೆನಿಯ ಕೃಪೆ ಬೇಕಾಗಿತ್ತೆಂಬುದನ್ನು ಮರೆಯಬಾರದು.

ಕಲ್ಲಿನ ದೂಳು ಮತ್ತು ಆರೈಕೆ

ಗಣಿಯ ಅಪಾಯಗಳಲ್ಲಿ ಎರಡು ಮುಖ್ಯವಾದವು. ಒಂದು, ಆಳದ ಬಂಡೆಗಳು ಒತ್ತಡ ತಾಳಲಾರದೆ ಸಿಡಿಯುವುದು. ಸಿಡಿತದ ನಡುಕ ಮೇಲಿನ ಮನೆಗಳಲ್ಲಿಯೂ ತಿಳಿಯುತ್ತಿತ್ತು. ಒಳಗೆ ಯಾರ ಪಾಳಿಯಿದೆ ಎಂಬ ಆತಂಕ ಆಗ ಎಲ್ಲ ಧರ್ಮದ ಮನೆಗಳಿಗೂ ಒಂದೇ. ಇನ್ನೊಂದು ಸದ್ದಿಲ್ಲದೆ ಕೊಲ್ಲುವ ಸಿಲಿಕೋಸಿಸ್. ಬಂಡೆ ಕೊರೆಯುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕುಳಿತು ಅದನ್ನು ಗಟ್ಟಿಯಾಗಿಸುತ್ತದೆ. ಭಾರತದಲ್ಲಿ ಈ ರೋಗ ಮೊದಲು ಗುರುತಾದದ್ದು ಕೋಲಾರದ ಗಣಿಗಳಲ್ಲಿ. ೧೯೪೦ರ ದಶಕದಲ್ಲಿ ಇಲ್ಲಿಯ ೭,೬೫೩ ಕಾರ್ಮಿಕರನ್ನು ಪರೀಕ್ಷಿಸಿದಾಗ ಸುಮಾರು ಶೇಕಡ ೪೪ರಷ್ಟು ಜನರಲ್ಲಿ ರೋಗದ ಲಕ್ಷಣಗಳು ಕಂಡುಬಂದವು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವುದು ಸುಲಭ. ಕಿರಿದಾದ ಲೈನು ಮನೆಯಲ್ಲಿ ಅದು ಹೆಂಡತಿ ಮಕ್ಕಳಿಗೆ ಹರಡುವುದೂ ಸುಲಭ.

ನೆರೆಯವನು ಯಾರು ಎಂಬ ಪ್ರಶ್ನೆಗೆ ಉತ್ತರವಾಗಿ ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಒಳ್ಳೆಯ ಸಮಾರ್ಯದವನ ಸಾಮ್ಯವಿದೆ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಸ್ವಧರ್ಮದ ಗುರುಗಳು ಕಂಡೂ ದಾಟಿಹೋಗುತ್ತಾರೆ. ಅನ್ಯನೆನಿಸಿಕೊಂಡವನು ನಿಂತು ಆರೈಕೆ ಮಾಡುತ್ತಾನೆ. ಕ್ರೈಸ್ತ ಮಿಷನ್‌ಗಳ ವೈದ್ಯಕೀಯ ಸೇವೆಗೆ ಈ ಕಥೆಯೇ ಆಧಾರವೆಂದು ಹೇಳುವುದುಂಟು. ಗಣಿಯ ಆಸ್ಪತ್ರೆ ಕಂಪೆನಿಯದಾಗಿತ್ತು. ಅದರಾಚೆಗೆ ಜನ ನೆಚ್ಚಿದ ಸಂಸ್ಥೆಗಳಲ್ಲಿ ಕೋಲಾರದ ಮಿಷನ್ ಆಸ್ಪತ್ರೆ, ನೆರೆಯ ಮದನಪಲ್ಲಿಯ ಆರೋಗ್ಯವರಂನಲ್ಲಿ ಹಲವು ಮಿಷನ್‌ಗಳು ಒಟ್ಟಾಗಿ ನಡೆಸಿದ ಕ್ಷಯ ಚಿಕಿತ್ಸಾಲಯ, ಬಂಗಾರಪೇಟೆಯಿಂದ ರೈಲಿನಲ್ಲಿ ಕಾಟ್ಪಾಡಿಗೆ ಹೋಗಿ ತಲುಪಬಹುದಾದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಸೇರಿವೆ. ‘ವೆಲ್ಲೂರಿಗೆ ಕರೆದುಕೊಂಡು ಹೋದರು’ ಎಂದರೆ ಕಾಯಿಲೆ ಗಂಭೀರವಾಗಿದೆ ಎಂದೇ ಈ ಸೀಮೆಯಲ್ಲಿ ಅರ್ಥ.

ಆರೈಕೆಯ ದೊಡ್ಡ ಪಾಲು ಸಂಸ್ಥೆಗಳ ಲೆಕ್ಕಕ್ಕೆ ಸಿಗುವಂಥದಲ್ಲ. ಕೆಮ್ಮುವ ಮನುಷ್ಯನ ಮನೆಗೆ ಗಂಜಿ ಕೊಟ್ಟು ಬರುವುದು, ಪಾಳಿಗೆ ಹೋದವನ ಮಕ್ಕಳನ್ನು ನೋಡಿಕೊಳ್ಳುವುದು, ಶವಯಾತ್ರೆಗೆ ಹೆಗಲು ಕೊಡುವುದು ಇವು ಲೈನಿನ ಬದುಕಿನ ಸಾಮಾನ್ಯ ಕರ್ತವ್ಯಗಳು. ಕ್ರೈಸ್ತರು ಇವನ್ನು ಮಾಡಿದಂತೆಯೇ ಅವರ ನೆರೆಯವರೂ ಅವರಿಗೆ ಮಾಡಿದರು. ಮಿಷನ್ನಿನ ಬರಹಗಳಲ್ಲಿ ಕ್ರೈಸ್ತರು ಕೊಟ್ಟದ್ದರ ವಿವರ ಧಾರಾಳವಾಗಿರುತ್ತದೆ, ಪಡೆದದ್ದರ ವಿವರ ಕಡಿಮೆ. ಸಾಮ್ಯದ ಕಥೆಯಲ್ಲಿ ಸಹಾಯ ಮಾಡಿದವನು ಬೇರೆಯವನು ಎಂಬುದನ್ನು ಇಲ್ಲಿ ನೆನೆಯಬಹುದು.

ಫ್ರೆಡ್ ಗುಡ್‌ವಿಲ್

ಸುತ್ತಲಿನ ಜನರ ಬಗ್ಗೆ ಎಚ್ಚರವಿದ್ದ ಧರ್ಮೋಪದೇಶಕರಲ್ಲಿ ಫ್ರೆಡ್ ಗುಡ್‌ವಿಲ್ ಹೆಸರು ಪ್ರತ್ಯೇಕವಾಗಿ ಹೇಳುವಂಥದು. ೧೮೯೯ರಲ್ಲಿ ಬೆಂಗಳೂರಿಗೆ ಬಂದ ಈ ವೆಸ್ಲಿಯನ್ ಮಿಷನರಿ ಬೆಂಗಳೂರು ಮತ್ತು ಕೋಲಾರ ಚಿನ್ನದ ಗಣಿಯ ವೆಸ್ಲಿಯನ್ ತಮಿಳು ಮಿಷನ್ನಿನ ಮೇಲ್ವಿಚಾರಕರಾಗಿದ್ದರು. ಬೆಂಗಳೂರಿನ ಗುಡ್‌ವಿಲ್ ಬಾಲಕಿಯರ ಶಾಲೆಯ ಹೆಸರು ಇವರಿಂದ ಬಂದದ್ದು. ೧೯೦೯ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯ ಆರಂಭಕಾಲದ ಸದಸ್ಯರಲ್ಲಿ ಇವರೂ ಒಬ್ಬರು. ನಂದಿದುರ್ಗದ ಧಾರ್ಮಿಕ ಮತ್ತು ಸೈನಿಕ ಇತಿಹಾಸ, ಮುಳಬಾಗಿಲಿನ ಹತ್ತಿರದ ಕುರುಡುಮಲೆ ಮುಂತಾದ ವಿಷಯಗಳ ಮೇಲೆ ಅವರು ಬರೆದರು.

ತಾನು ಉಪದೇಶ ಮಾಡಲು ಬಂದ ಜನರ ದೇವಸ್ಥಾನ, ಶಾಸನ, ಐತಿಹ್ಯಗಳನ್ನು ಶ್ರದ್ಧೆಯಿಂದ ಓದುವ ಪಾದ್ರಿ ಎಲ್ಲ ಕಾಲದಲ್ಲಿಯೂ ವಿರಳ. ಇದೇ ಕಾಲಕ್ಕೆ ಸ್ವಲ್ಪ ಈಚೆಗೆ ಧಾರವಾಡದ ಕಡೆ ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದ ಉತ್ತಂಗಿ ಚನ್ನಪ್ಪನವರು ಹಳ್ಳಿಹಳ್ಳಿ ತಿರುಗಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ೧೯೨೪ರಲ್ಲಿ ಪ್ರಕಟಿಸಿದರು. ಗುಡ್‌ವಿಲ್ ಅವರದು ವಿದೇಶೀ ವಿದ್ವಾಂಸನ ಕುತೂಹಲ, ಉತ್ತಂಗಿಯವರದು ತನ್ನ ನಾಡಿನ ಮೇಲಿನ ಮಮತೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಸ್ವಂತ ನಂಬಿಕೆ ಬಿಡದೆಯೂ ನೆರೆಯವರ ಪರಂಪರೆಯನ್ನು ಗೌರವದಿಂದ ತಿಳಿದುಕೊಳ್ಳಲು ಸಾಧ್ಯ ಎಂಬುದಕ್ಕೆ ಇಬ್ಬರೂ ಉದಾಹರಣೆ. ಇಂಥ ಮನೋಭಾವಕ್ಕೆ ಸಭೆಗಳ ಅಧಿಕೃತ ಮನ್ನಣೆ ದೊರೆತದ್ದು ತಡವಾಗಿ. ೧೯೫೭ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿರುವ ಕ್ರೈಸ್ತ ಸಂಸ್ಥೆಯಲ್ಲಿ ಪಿ. ಡಿ. ದೇವನಂದನ್, ಎಂ. ಎಂ. ಥಾಮಸ್ ಅವರು ಇತರ ಧರ್ಮಗಳೊಂದಿಗೆ ಸಂವಾದವನ್ನು ಬೆಳೆಸಿದರು. ೧೯೬೫ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಇತರ ಧರ್ಮಗಳ ಬಗ್ಗೆ ಗೌರವದ ಘೋಷಣೆ ಹೊರಡಿಸಿತು.

ಆರಾಧನೆಯ ಭಾಷೆ

ಮಹಾಸಭೆಯ ತರುವಾಯ ಕ್ಯಾಥೊಲಿಕ್ ಪೂಜೆ ಲ್ಯಾಟಿನ್ನಿನಿಂದ ಜನಭಾಷೆಗಳಿಗೆ ಬಂದಿತು. ಜನಭಾಷೆ ಯಾವುದು ಎಂಬ ಪ್ರಶ್ನೆ ಬೆಂಗಳೂರು ಮಹಾಧರ್ಮಪ್ರಾಂತ್ಯದಲ್ಲಿ ದಶಕಗಳ ವಿವಾದಕ್ಕೆ ಕಾರಣವಾಯಿತು. ಗಣಿ ಊರಿನ ಕ್ರೈಸ್ತರ ಮನೆಮಾತು ಬಹುಮಟ್ಟಿಗೆ ತಮಿಳು; ಅವರ ಪ್ರಾರ್ಥನೆ, ಕೀರ್ತನೆ, ಸಾವಿನ ಮನೆಯ ಹಾಡು ಎಲ್ಲವೂ ತಮಿಳಿನಲ್ಲಿವೆ. ಬಂಗಾರಪೇಟೆಯ ಕಡೆ ಬಂದರೆ ಮೆಥಡಿಸ್ಟ್ ಪರಂಪರೆಯ ಸಭೆಗಳಲ್ಲಿ ಕನ್ನಡದ ಬಳಕೆ ಬಹಳ ಹಳೆಯದು. ಕೆಲವೇ ಮೈಲಿಗಳ ಅಂತರದಲ್ಲಿ ಸ್ತೋತ್ರದ ಭಾಷೆ ಬದಲಾಗುತ್ತದೆ. ರಾಜ್ಯದ ಭಾಷೆಯಲ್ಲಿ ಆರಾಧನೆ ನಡೆಸುವುದು ಸುತ್ತಲಿನ ಜನರೊಡನೆ ಬೆರೆಯುವ ಮೊದಲ ಹೆಜ್ಜೆಯೆಂಬ ವಾದದಲ್ಲಿ ಹುರುಳಿದೆ. ಅಜ್ಜಿ ಕಲಿಸಿದ ಭಾಷೆಯಲ್ಲಿ ಪ್ರಾರ್ಥಿಸುವ ಹಕ್ಕು ಕೂಡ ಸಣ್ಣದಲ್ಲ. ಶಾಲೆಯಲ್ಲಿ ಕನ್ನಡ ಕಲಿತು, ಮನೆಯಲ್ಲಿ ತಮಿಳಾಡಿ, ಕಾನ್ವೆಂಟಿನಲ್ಲಿ ಇಂಗ್ಲಿಷ್ ಓದುವ ಇಲ್ಲಿಯ ಮಕ್ಕಳಿಗೆ ಈ ಗಡಿ ಹಿರಿಯರಿಗಿದ್ದಷ್ಟು ಕಠಿಣವಾಗಿ ತೋರುವುದಿಲ್ಲ.

ಚಾಂಪಿಯನ್ ರೀಫ್ಸ್‌ನ ಸಂತ ಜೋಸೆಫರ ಕಾನ್ವೆಂಟಿನಂಥ ಶಾಲೆಗಳು ಎಲ್ಲ ಧರ್ಮದ ಮಕ್ಕಳಿಗೂ ತೆರೆದಿದ್ದವು. ಗಣಿ ಕಾರ್ಮಿಕರ ಮಕ್ಕಳು ಗಣಿಯ ಹೊರಗೆ ಉದ್ಯೋಗ ಹಿಡಿಯಲು ಈ ಶಿಕ್ಷಣವೇ ಮೆಟ್ಟಿಲಾಯಿತು.

ಹಬ್ಬಗಳು

ಕ್ರಿಸ್‌ಮಸ್ಸಿಗೆ ಮುಂಚಿನ ವಾರಗಳಲ್ಲಿ ಮನೆಗಳ ಮುಂದೆ ಕಾಗದದ ನಕ್ಷತ್ರ ತೂಗುತ್ತವೆ. ಹಾಡುಗಾರರ ತಂಡಗಳು ರಾತ್ರಿ ಮನೆಮನೆಗೆ ಹೋಗುತ್ತವೆ. ಕಲ್‌ಕಲ್, ಅಚ್ಚುಮುರುಕು, ಕೇಕುಗಳ ತಟ್ಟೆ ನೆರೆಮನೆಗಳಿಗೆ ಹೋಗುವುದು, ದೀಪಾವಳಿ, ಪೊಂಗಲ್, ರಂಜಾನ್‌ಗಳಲ್ಲಿ ಆ ಮನೆಗಳಿಂದ ತಟ್ಟೆ ಬರುವುದು ರೂಢಿ. ತಟ್ಟೆಯನ್ನು ಬರಿದಾಗಿ ಹಿಂತಿರುಗಿಸಬಾರದೆಂಬ ನಿಯಮ ಎಲ್ಲ ಧರ್ಮಗಳಿಗೂ ಸಮಾನ. ನವೆಂಬರ್ ೨ರಂದು ಕ್ಯಾಥೊಲಿಕರು ಸಮಾಧಿಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚುವ ಆಚರಣೆಯನ್ನು ತಮಿಳಿನಲ್ಲಿ ಕಲ್ಲರೈ ತಿರುನಾಳ್ ಎನ್ನುತ್ತಾರೆ. ಸೆಪ್ಟೆಂಬರಿನ ವೇಳಾಂಗಣಿ ಮಾತೆಯ ಹಬ್ಬಕ್ಕೆ ಹರಕೆ ಹೊತ್ತು ಹೋಗುವವರಲ್ಲಿ ಕ್ರೈಸ್ತರಲ್ಲದವರೂ ಇರುತ್ತಾರೆ. ಕನ್ನಡ ಪ್ರೊಟೆಸ್ಟಂಟ್ ಸಭೆಗಳ ಸುಗ್ಗಿ ಹಬ್ಬದಲ್ಲಿ ಭಕ್ತರು ತಂದ ತೆಂಗು, ಕುಂಬಳ, ಕೋಳಿಗಳನ್ನು ಹರಾಜು ಹಾಕುವುದು ಬೇಸಾಯದ ಸೀಮೆಯ ಸೊಗಸಾದ ಸಂಪ್ರದಾಯ.

ಧರ್ಮ ಮತ್ತು ಕಾನೂನು

೧೯೫೦ರ ಸಂವಿಧಾನದ (ಪರಿಶಿಷ್ಟ ಜಾತಿಗಳ) ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನಮಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. ೧೯೫೬ರಲ್ಲಿ ಸಿಖ್ಖರಿಗೂ ೧೯೯೦ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು. ಕ್ರೈಸ್ತರಿಗೆ ಮತ್ತು ಮುಸ್ಲಿಮರಿಗೆ ವಿಸ್ತರಿಸಿಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗಗಳ ಪ್ರವರ್ಗ ೧ರಲ್ಲಿ ಸೇರಿಸಲಾಗಿದೆ. ಕೆ.ಜಿ.ಎಫ್. ಮತ್ತು ಬಂಗಾರಪೇಟೆ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳಾದ್ದರಿಂದ ಈ ನಿಯಮದ ಪರಿಣಾಮ ಇಲ್ಲಿ ದಿನನಿತ್ಯದ್ದು. ಒಂದೇ ಲೈನಿನ, ಒಂದೇ ಮೂಲದ ಮೂರು ಕುಟುಂಬಗಳಲ್ಲಿ ಹಿಂದೂ ಮತ್ತು ಬೌದ್ಧ ಕುಟುಂಬಗಳ ಮಕ್ಕಳಿಗೆ ದೊರೆಯುವ ಮೀಸಲಾತಿ ಕ್ರೈಸ್ತ ಕುಟುಂಬದ ಮಗುವಿಗೆ ದೊರೆಯುವುದಿಲ್ಲ. ಇದರಿಂದಾಗಿ ಸರ್ಕಾರಿ ದಾಖಲೆಯಲ್ಲಿ ಒಂದು ಧರ್ಮ, ಭಾನುವಾರ ಇನ್ನೊಂದು ಎಂಬ ಪರಿಸ್ಥಿತಿ ದಕ್ಷಿಣ ಭಾರತದ ಅನೇಕ ಕಡೆ ಉಂಟಾಗಿದೆ. ನಂಬಿಕೆಯನ್ನು ಬಹಿರಂಗವಾಗಿ ಹೇಳಿಕೊಳ್ಳುವುದೋ, ಮಗಳ ಕಾಲೇಜು ಪ್ರವೇಶವನ್ನು ಕಾಯುವುದೋ ಎಂಬ ತೊಳಲಾಟವನ್ನು ಹೊರಗೆ ನಿಂತು ತೀರ್ಮಾನಿಸುವುದು ಸುಲಭ. ವಿಷಯದ ಪರಿಶೀಲನೆಗೆ ಕೇಂದ್ರ ಸರ್ಕಾರ ೨೦೨೨ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಆಯೋಗ ರಚಿಸಿತು.

ಕರ್ನಾಟಕದಲ್ಲಿ ೨೦೨೨ರಲ್ಲಿ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ, ಅಂದರೆ ಜನ ಮತಾಂತರ ನಿಷೇಧ ಕಾಯ್ದೆ ಎನ್ನುವುದು, ಜಾರಿಗೆ ಬಂದಿತು. ಅದನ್ನು ಹಿಂಪಡೆಯಲು ೨೦೨೩ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು.

ಗಣಿ ಮುಚ್ಚಿದ ಮೇಲೆ

೧೯೫೬ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡ ಗಣಿಗಳು ೧೯೬೨ರಲ್ಲಿ ಕೇಂದ್ರಕ್ಕೆ ಸೇರಿ, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಕಂಪೆನಿಯಾದವು. ಬಿಳಿಯರೂ ಅವರ ಹಿಂದೆಯೇ ಆಂಗ್ಲೋ–ಇಂಡಿಯನ್ನರಲ್ಲಿ ಹೆಚ್ಚಿನವರೂ ಊರು ಬಿಟ್ಟರು. ಅವರು ಕಟ್ಟಿದ ಚರ್ಚುಗಳಿಗೆ ಲೈನಿನ ಮಕ್ಕಳೇ ವಾರಸುದಾರರಾದರು. ಹಿಂದಿನ ತಲೆಮಾರು ಹೊರಗಿನಿಂದ ಕಂಡ ಕಟ್ಟಡಗಳಲ್ಲಿ ಮುಂದಿನ ತಲೆಮಾರಿನ ಮದುವೆಗಳು ನಡೆದವು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದವು.

ಅಂದಿನಿಂದ ಊರಿನ ಜೀವನಾಡಿ ಎಂದರೆ ರೈಲು. ನಸುಕಿನಲ್ಲಿಯೇ ಮಾರಿಕುಪ್ಪಂನಿಂದ ಹೊರಡುವ ರೈಲುಗಳಲ್ಲಿ ಸಾವಿರಾರು ಮಂದಿ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ. ವಾರದ ದಿನಗಳಲ್ಲಿ ಊರಿನಲ್ಲಿ ಉಳಿಯುವವರು ಬಹುಮಟ್ಟಿಗೆ ವೃದ್ಧರು ಮತ್ತು ಮಕ್ಕಳು. ಸಭೆಯ ಕೆಲಸವೂ ಇದಕ್ಕೆ ತಕ್ಕಂತೆ ಭಾನುವಾರಕ್ಕೆ ಒತ್ತರಿಸಿಕೊಂಡಿದೆ. ಗಣಿಯಿದ್ದಾಗ ಪಾಳಿಯ ಸೈರನ್ ಊರಿನ ದಿನಚರಿಯನ್ನು ನಿರ್ಧರಿಸುತ್ತಿತ್ತು, ಈಗ ರೈಲಿನ ವೇಳಾಪಟ್ಟಿ ನಿರ್ಧರಿಸುತ್ತದೆ. ಸ್ಥಳದಲ್ಲಿಯೇ ಉಳಿದಿರುವ ದೊಡ್ಡ ಉದ್ಯಮವೆಂದರೆ ೧೯೬೪ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಸಂಸ್ಥೆಯ ಕಾರ್ಖಾನೆ.

ಗಣಿ ಬಿಟ್ಟುಹೋದ ಇನ್ನೊಂದು ಆಸ್ತಿ ಸೈನೈಡ್ ಗುಡ್ಡಗಳು. ಚಿನ್ನ ಬೇರ್ಪಡಿಸಿ ಉಳಿದ ಪುಡಿಮಣ್ಣು ಮೂರು ಕೋಟಿ ಟನ್ನಿಗೂ ಹೆಚ್ಚಿದೆಯೆಂದು ಅಂದಾಜು. ಆಷಾಢದ ಗಾಳಿ ಎದ್ದಾಗ ಅದರ ದೂಳು ಲೈನುಗಳ ಮೇಲೆ, ಚರ್ಚು, ವಿಹಾರ, ಮಸೀದಿ, ದೇವಸ್ಥಾನಗಳ ಅಂಗಳಗಳ ಮೇಲೆ ಬಂದು ಕೂರುತ್ತದೆ. ಬೆಳಿಗ್ಗೆ ಪ್ರತಿಯೊಂದು ಮನೆಯ ಹೆಂಗಸರೂ ಅದನ್ನು ಗುಡಿಸುತ್ತಾರೆ.